ಜೂನಿಯರ್ ಕಾಲೇಜಿನ ಚರಿತ್ರೆ ಬರೆಯುವವರಿಗೆ

ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದ ಸರ್ಕಾರಿ ಪದವಿಪೂರ್ವ ಕಾಲೇಜನ್ನು ನಮ್ಮ ಊರಿನವರು ಇಂದಿಗೂ ಜೂನಿಯರ್ ಕಾಲೇಜು ಎಂದೇ ಕರೆಯುತ್ತಾರೆ. ಸ್ಮರಣ ಸಂಚಿಕೆಗೆ ಅದರ ಚರಿತ್ರೆ ಬರೆಯಲು ಕುಳಿತಾಗ ಮೊದಲ ಕರಡಿನಲ್ಲಿ ಪ್ರಾಚಾರ್ಯರ ಪಟ್ಟಿಯೂ ಶಿಲಾನ್ಯಾಸಗಳ ದಿನಾಂಕಗಳೂ ತುಂಬಿದ್ದವು. ಮಕ್ಕಳು ಎಲ್ಲೂ ಇರಲಿಲ್ಲ. ಅದನ್ನು ಬದಿಗಿಟ್ಟು ದಾಖಲಾತಿ ವಹಿ ತೆರೆದೆ. ನೀವು ಅಲ್ಲಿಂದಲೇ ಹೊರಡಿ.

ಪ್ರಾಚಾರ್ಯರಿಂದ ಲಿಖಿತ ಅನುಮತಿ ಪಡೆಯಿರಿ. ಕೊಡಗಿನ ಮಳೆಗಾಲದಲ್ಲಿ ಹಳೆಯ ವಹಿಗಳನ್ನು ಬಿಚ್ಚಲೇಬೇಡಿ. ತೇವಕ್ಕೆ ಅಂಟಿಕೊಂಡ ಹಾಳೆ ಎಳೆದರೆ ಅಕ್ಷರವೂ ಕಿತ್ತು ಬರುತ್ತದೆ. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಕಳೆದು ಗಾಳಿ ಒಣಗಲಿ. ಆಗಲೂ ಬಿಸಿಲು ಬೇಡ, ನೆರಳಿನಲ್ಲಿ ಹರಡಿ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ.

ಹತ್ತು ವರ್ಷಕ್ಕೊಂದರಂತೆ ವಹಿ ಆರಿಸಿ, ಹುಡುಗಿಯರೆಷ್ಟು, ಯಾವ ಊರಿನವರು, ತಂದೆಯ ಉದ್ಯೋಗವೇನು, ಮಾತೃಭಾಷೆ ಯಾವುದು ಎಂದು ಎಣಿಸಿ. ಕಾಲೇಜು ಬೆಳೆದದ್ದು ಈ ಕಾಲಂಗಳಲ್ಲಿ ಕಾಣುತ್ತದೆ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂಗಳ ನಡುವೆ ಬುಡಕಟ್ಟಿನವರ ಭಾಷೆಯಾದ ‘ಯರವ’ ಎಂದು ಬರೆದಿದ್ದ ಮೊದಲ ಹುಡುಗಿಯ ಸಾಲು ಸಿಕ್ಕ ದಿನ ನಾನು ಮುಂದಿನ ಪುಟ ತಿರುಗಿಸಲಿಲ್ಲ. ತಂದೆಯ ಉದ್ಯೋಗ: ತೋಟದ ಕೂಲಿ. ಅವಳು ಎರಡನೇ ವರ್ಷದ ಹಾಜರಿ ಪುಸ್ತಕದಲ್ಲಿಯೂ ಇದ್ದಾಳೆಯೇ ಎಂದು ಹುಡುಕಿದೆ. ಇದ್ದಳು. ಸೇರಿದವರನ್ನಷ್ಟೇ ಎಣಿಸಬೇಡಿ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟಿದೆ ಎಂಬುದನ್ನೂ ನೋಡಿ. ಅಚ್ಚಿಗೆ ಹೋಗುವಾಗ ಮಾತ್ರ ಒಪ್ಪಿಗೆಯಿಲ್ಲದೆ ಯಾರ ಹೆಸರು, ಜಾತಿಯನ್ನೂ ಹಾಕಕೂಡದು.

ಕಾಲೇಜು ಹಳೆಯ ಹೈಸ್ಕೂಲಿನ ಮಡಿಲಲ್ಲಿ ಹುಟ್ಟಿದ್ದರೆ ಎರಡರ ಆರಂಭವನ್ನು ಬೆರೆಸಬೇಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಆದೇಶಗಳು ಬೇರೆಯೇ ಸರ್ಕಾರದವು. ಪಿಯುಸಿ ಎರಡು ವರ್ಷದ್ದಾದದ್ದು 1970ರ ದಶಕದ ಆರಂಭದಲ್ಲಿ. ಜಾಗ ಪೈಸಾರಿಯೋ (ಸರ್ಕಾರಿ ಭೂಮಿಯೋ) ದಾನವೋ ಎಂಬುದನ್ನು ಕಂದಾಯ ದಾಖಲೆಯಲ್ಲಿ ನೋಡಿ. ಫಲಿತಾಂಶ, ವಾರ್ಷಿಕೋತ್ಸವಗಳ ಸುದ್ದಿಗೆ 1957ರಿಂದ ಮಡಿಕೇರಿಯಲ್ಲಿ ಹೊರಡುತ್ತಿರುವ ‘ಶಕ್ತಿ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ.

ಹಳೆಯ ವಿದ್ಯಾರ್ಥಿಗಳನ್ನು “ಆಗ ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎನ್ನುತ್ತಾರೆ, ಮಾತು ಮುಗಿಯುತ್ತದೆ. ಎಷ್ಟು ಮೈಲಿ ನಡೆಯುತ್ತಿದ್ದಿರಿ, ಜುಲೈಯಲ್ಲಿ ತೋಡು (ಹಳ್ಳ) ದಾಟಿಸುತ್ತಿದ್ದವರು ಯಾರು, ಒದ್ದೆ ಪುಸ್ತಕವನ್ನು ಎಲ್ಲಿ ಒಣಗಿಸುತ್ತಿದ್ದಿರಿ ಎಂದು ಕೇಳಿ. ನನಗೆ ಒಬ್ಬರು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ, ಇನ್ನೂ ಹೊಗೆಯ ವಾಸನೆಯಿದ್ದ ಭೌತಶಾಸ್ತ್ರದ ಪುಸ್ತಕವನ್ನೇ ತಂದು ತೋರಿಸಿದರು.