ಹುಬ್ಬಳ್ಳಿಯಲ್ಲಿ 911 ಸಾಕೋದು ಹೇಗೆ

ಪೋರ್ಷೆ 911 ಕಾರು ಅಂದ ಕೂಡಲೇ ಎಲ್ಲರೂ ಇಂಜಿನ್ ಬಗ್ಗೆ ಹೆದರಿಸುತ್ತಾರೆ. ನನಗೆ ಕಾಟ ಕೊಟ್ಟಿದ್ದು ಇಂಜಿನ್ ಅಲ್ಲವೇ ಅಲ್ಲ. ಬ್ಯಾಟರಿ, ಹತ್ತಿ ಮತ್ತು ರೋಡ್ ಹಂಪ್ಸ್!

ನನ್ನದು ಸೆಕೆಂಡ್ ಹ್ಯಾಂಡ್ 997 ಕರೆರಾ ಎಸ್. 997 ಅಂದರೆ 911ರ ಒಂದು ಹಳೆಯ ಪೀಳಿಗೆ, ಕರೆರಾ ಎಸ್ ಅದರೊಳಗಿನ ಒಂದು ಮಾಡೆಲ್. ನೀವೂ 997 ಹುಡುಕುತ್ತಿದ್ದರೆ 2009ರ ಮಾಡೆಲ್ ಅಥವಾ ಅದರ ನಂತರದ್ದು ನೋಡಿ. ಅದಕ್ಕಿಂತ ಹಳೆಯ 997 ಕರೆರಾಗಳಲ್ಲಿ ಐಎಂಎಸ್ (ಇಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್) ಅನ್ನೋ ಬೇರಿಂಗ್ ಇದೆ, ಅದು ಒಡೆದರೆ ಇಂಜಿನ್ನೇ ಹೋಗುತ್ತೆ. 2009ರಿಂದ ಬಂದ ಹೊಸ ಇಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಕೊಳ್ಳುವ ಮೊದಲು ಡಯಾಗ್ನೋಸ್ಟಿಕ್ ಹಾಕಿಸಿ ಓವರ್-ರೆವ್ ರಿಪೋರ್ಟ್ ತೆಗೆಸಿ, ಹಿಂದಿನವರು ತಪ್ಪು ಗೇರ್ ಹಾಕಿ ಇಂಜಿನ್ನನ್ನು ಎಷ್ಟು ಕಿರುಚಿಸಿದ್ದಾರೆ ಅನ್ನೋದು ಅದರಲ್ಲಿ ಬರುತ್ತೆ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹುಬ್ಬಳ್ಳಿಯ ಕೆಎ-63 ನಂಬರ್ ಬೇಕೆಂದರೆ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಇದೆ, ಅದನ್ನೂ ಗಾಡಿ ರೇಟಿಗೆ ಸೇರಿಸಿಯೇ ಲೆಕ್ಕ ಹಾಕಿ.

ಇನ್ನು ಹತ್ತಿಯ ವಿಷಯ. ನಗಬೇಡಿ. ಈ ಗಾಡಿಯ ಇಂಜಿನ್ ಹಿಂದಿದ್ದರೂ ರೇಡಿಯೇಟರ್ ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ ಇರುತ್ತೆ, ಅದರ ಮುಂದೆಯೇ ಎಸಿ ಕಂಡೆನ್ಸರ್. ನೆಲಕ್ಕೆ ಹತ್ತಿರ ಇರೋದರಿಂದ ರಸ್ತೆಯ ಕಸವೆಲ್ಲ ಒಳಗೆ ಹೋಗುತ್ತೆ. ಹತ್ತಿ ಸುಗ್ಗಿಯಲ್ಲಿ ಅಮರಗೋಳ ಎಪಿಎಂಸಿ ಕಡೆ ನಾಲ್ಕು ಸಲ ಓಡಾಡಿದ್ದೆ ಅಷ್ಟೇ, ಎಸಿ ತಣ್ಣಗಾಗೋದು ಕಡಿಮೆಯಾಯ್ತು, ಗ್ಯಾಸ್ ತುಂಬಿಸೋಣ ಅಂತ ಹೋದರೆ ಹುಡುಗ ಬಂಪರ್ ಬಿಚ್ಚಿ, 'ಸರ, ಗಾದಿ ತುಂಬಸಬಹುದ್ರೀ ಇದರಾಗ' ಅಂದ. ಅರಳೆ, ಒಣ ಎಲೆ, ಎರೆಮಣ್ಣಿನ ಧೂಳು ಎಲ್ಲ ಸೇರಿ ಕಂಬಳಿ ಆಗಿತ್ತು. ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮುಂಚೆ, ಬಂಪರ್ ಬಿಚ್ಚಿಸಿ ಕಸ ತೆಗೆಸಿ. ಪ್ರೆಷರ್ ವಾಷರ್ ಬೇಡ, ರೇಡಿಯೇಟರಿನ ತೆಳು ರೆಕ್ಕೆ ಮಡಚಿಬಿಡುತ್ತವೆ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆರೆಯೋದು ಕರೆಂಟಿನಿಂದ. ಬ್ಯಾಟರಿ ಸತ್ತರೆ ಡಿಕ್ಕಿಯೂ ತೆರೆಯಲ್ಲ! ಆಗ ಗಾಬರಿ ಬೇಡ. ಕೀಲಿಯಿಂದ ಬಾಗಿಲು ತೆಗೆದು, ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನಿಂದ ಕೆಂಪು ಟರ್ಮಿನಲ್ ಹೊರಗೆಳೆಯಿರಿ. ಬೇರೆ ಬ್ಯಾಟರಿಯ ಪ್ಲಸ್ ಅದಕ್ಕೆ ಕೊಡಿ, ಮೈನಸ್ಸನ್ನು ಬಾಗಿಲ ಚಿಲಕ ಸಿಕ್ಕಿಕೊಳ್ಳುವ ಕಬ್ಬಿಣಕ್ಕೆ ಹಿಡಿದು ಡಿಕ್ಕಿ ಬಟನ್ ಒತ್ತಿ. ಅದು ಡಿಕ್ಕಿ ತೆರೆಯಲು ಮಾತ್ರ, ಅಲ್ಲಿಂದ ಇಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವವರು ಟ್ರಿಕಲ್ ಚಾರ್ಜರ್ (ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಕೊಡುತ್ತಲೇ ಇರುವ ಚಾರ್ಜರ್) ಹಾಕಿಡಿ, ಇಲಿ ಬೋನೂ ಇಡಿ.

ಆಯಿಲ್ ನೋಡಲು ಕಡ್ಡಿ ಇಲ್ಲ, ಇಂಜಿನ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮೀಟರಿನಲ್ಲೇ ನೋಡಬೇಕು. ಕಡಿಮೆ ಅಂದರೆ ಸ್ವಲ್ಪ ಸ್ವಲ್ಪ ಹಾಕಿ, ಡಬ್ಬಿಯನ್ನೇ ಬಗ್ಗಿಸಬೇಡಿ.

ಹಂಪ್ಸನ್ನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ದಾಟಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಟೈರಿನ ಅಗಲ ಮುಂದೆ 235 ಮಿ.ಮೀ., ಹಿಂದೆ 295 ಮಿ.ಮೀ., ಅದಲು ಬದಲು ಮಾಡಲು ಬರೋದಿಲ್ಲ. ಸ್ಟೆಪ್ನಿಯೂ ಇಲ್ಲ, ಕಂಪನಿ ಕೊಡೋದು ಗಾಳಿ ಹೊಡೆಯುವ ಕಂಪ್ರೆಸರ್ ಮತ್ತು ಅಂಟಿನ ಡಬ್ಬಿ ಮಾತ್ರ. ಪಕ್ಕದ ಗೋಡೆ ಸೀಳಿದರೆ ಅಂಟು ಏನೂ ಮಾಡಲ್ಲ. ಅದಕ್ಕೇ ಫ್ಲಾಟ್‌ಬೆಡ್ ಗಾಡಿಯವರ ನಂಬರ್ ಇಬ್ಬರದಾದರೂ ಫೋನಿನಲ್ಲಿರಲಿ. ಕುಂದಗೋಳ ರಸ್ತೆಯಲ್ಲಿ ನಿಂತರೆ ಹಗ್ಗ ಹಿಡಿದು ಟ್ರ್ಯಾಕ್ಟರ್ ಅಣ್ಣ ಬಂದೇ ಬರುತ್ತಾನೆ, ಪ್ರೀತಿಯಿಂದಲೇ. ಅವನಿಗೆ ಕೈಮುಗಿದು, ಚಹಾ ಕುಡಿಸಿ ಕಳಿಸಿ, ಹಗ್ಗ ಮಾತ್ರ ಕಟ್ಟಿಸಬೇಡಿ.