ಒಕನಾಗನ್ ಕಣಿವೆಗೆ ಹೊಸದಾಗಿ ಬಂದವರಿಗೆ: ಬೇಸಿಗೆ, ಬೆಂಕಿ ಮತ್ತು ನಮ್ಮ ಹಳೇ ಅಭ್ಯಾಸಗಳು

ಕೆನಡಾದ ಕೆಲೋನಾ ಸುತ್ತಮುತ್ತ ಮನೆ ಮಾಡಿದ ಎಲ್ಲರಿಗೂ ಸಂಘದ ಸ್ವಾಗತ. ಶಾಲೆ, ಡಾಕ್ಟರು, ಕಾರು ಲೈಸೆನ್ಸಿನ ವಿಷಯ ಬೇರೆ ಹಾಳೆಯಲ್ಲಿದೆ. ಈ ಹಾಳೆ ಬೆಂಕಿಗೆ ಮಾತ್ರ. ಬೇಸಿಗೆಗೆ ಮುಂಚೆ ಮನೆಯವರೆಲ್ಲ ಕೂತು ಓದಿ.

ಊರಲ್ಲಿ ನಾವು ಬೆಳಿಗ್ಗೆ ಅಂಗಳ ಗುಡಿಸಿ, ತರಗೆಲೆ ಗುಡ್ಡೆ ಹಾಕಿ ಕಡ್ಡಿ ಗೀರುತ್ತೇವೆ, ಅಲ್ವಾ? ಮೊದಲ ವರ್ಷ ನಾನು ಇಲ್ಲೂ ಅದನ್ನೇ ಮಾಡಿದೆ. ಹಿತ್ತಲಲ್ಲಿ ಪೈನ್ ಮರದ ಒಣ ಸೂಜಿ ಎಲೆ ಗೇಣೆತ್ತರ ಬಿದ್ದಿತ್ತು. ಒಂದು ಮೂಲೆಯಲ್ಲಿ ಸುಟ್ಟು, ಬಕೆಟ್ ನೀರು ಸುರಿದು ಒಳಗೆ ಬಂದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ, ಆ ಬೂದಿಯಿಂದ ಒಂದು ಮಾರು ಆಚೆ ಬೇಲಿ ಬುಡದಲ್ಲಿ ನೆಲದಿಂದಲೇ ಹೊಗೆ ಏಳುತ್ತಿತ್ತು. ಒಣ ಎಲೆ, ಬೇರಿನ ಪದರದೊಳಗೆ ಕೆಂಡ ತೆವಳಿಕೊಂಡು ಹೋಗಿತ್ತು. ಪಕ್ಕದ ಮನೆಯ ಅಜ್ಜಿ ಪೈಪ್ ಹಿಡಿದು ಓಡಿ ಬಂದರು. ಅಗ್ನಿಶಾಮಕದವರು ನೆಲ ಅಗೆದು, ನೀರು ಕಲಸಿ, ಗ್ಲೌಸ್ ತೆಗೆದು ಬರಿಗೈಯಲ್ಲಿ ಮಣ್ಣು ಮುಟ್ಟಿದರು. ಕೈಗೆ ತಣ್ಣಗಿದ್ದರೆ ಮಾತ್ರ ಬೆಂಕಿ ಆರಿದೆ ಅಂತ ಲೆಕ್ಕ. ಹಿತ್ತಲ ಕಸ ಸುಡಬೇಡಿ, ಅದಕ್ಕೆ ಅಂತಲೇ ಇರುವ ತೊಟ್ಟಿಗೆ ಹಾಕಿ.

ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ಯಾಂಪ್‌ಫೈರ್ ಅಂದರೆ ಅರ್ಧ ಮೀಟರ್ ಎತ್ತರ, ಅರ್ಧ ಮೀಟರ್ ಅಗಲ. ಅದಕ್ಕಿಂತ ದೊಡ್ಡದು ಮಾಡುವಂತಿಲ್ಲ. ಪಕ್ಕದಲ್ಲಿ 8 ಲೀಟರ್ ನೀರು ಅಥವಾ ಗುದ್ದಲಿ ಇರಲೇಬೇಕು. ಬೆಂಕಿ ಹಾಕಬಾರದು ಅಂತ ಸರ್ಕಾರದ ನಿಷೇಧ ಬಂದರೆ ಅಷ್ಟು ಬೆಂಕಿಯೂ ಇಲ್ಲ. ಮುರಿದರೆ 1,150 ಡಾಲರ್ ದಂಡ. ಕೋರ್ಟಿಗೆ ಹೋದರೆ 1 ಲಕ್ಷ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಕಾಡಿಗೆ ಹತ್ತಿದರೆ ಆರಿಸಿದ ಖರ್ಚೂ ನಿಮ್ಮ ತಲೆ ಮೇಲೆ ಬರಬಹುದು. ನಗರಸಭೆಯ ನಿಯಮ ಇದಕ್ಕಿಂತ ಬಿಗಿ ಇರಬಹುದು, ಎರಡನ್ನೂ ನೋಡಿ. ಪಾರ್ಕಿಗೆ ಹೋದಾಗ ಸೌದೆ ಒಲೆ ಹೂಡಿ ಬದನೆಕಾಯಿ ಸುಡುವ ಆಸೆ ಬೇಡ.

ಈಗ ಹೋಮದ ವಿಷಯ. ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಆಷಾಢ ಕಳೆಯಲಿ ಅಂತ ಕಾದು ನಾವು ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳುತ್ತೇವೆ. ಇಲ್ಲಿ ಕಾಡು ಅತ್ಯಂತ ಒಣಗಿರುವುದೂ ಆಗಲೇ. 2023ರಲ್ಲಿ ಅಧಿಕ ಮಾಸ ಮುಗಿದು ನಿಜ ಶ್ರಾವಣ ಶುರುವಾಗಿದ್ದು ಆಗಸ್ಟ್ 17ಕ್ಕೆ. ಅದೇ ರಾತ್ರಿ ವೆಸ್ಟ್ ಕೆಲೋನಾ ಕಡೆಯ ಮೆಕ್‌ಡೂಗಲ್ ಕ್ರೀಕ್ ಬೆಂಕಿಯ ಕಿಡಿಗಳು ಗಾಳಿಯಲ್ಲಿ ಒಕನಾಗನ್ ಸರೋವರವನ್ನೇ ದಾಟಿ ಈಚೆ ದಡ ಹೊತ್ತಿಸಿದವು. ಸರೋವರ ದಾಟುವ ಕಿಡಿಗೆ ನಿಮ್ಮ ಹಿತ್ತಲ ಬೇಲಿ ಯಾವ ಲೆಕ್ಕ? ದೇವರ ಕೆಲಸ ಅಂದ ಮಾತ್ರಕ್ಕೆ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಪುರೋಹಿತರಿಗೆ ಮೊದಲೇ ಹೇಳಿ. ಹೊರಗೆ ಹೋಮ ಬೇಕೇ ಬೇಕು ಅಂದರೆ ಇಲ್ಲಿ ಮಳೆ ಬಿದ್ದು ನೆಲ ಒದ್ದೆಯಿರುವ ಕಾಲದ ಮುಹೂರ್ತ ಹುಡುಕಿ, ಆಗಲೂ ಮೊದಲು ಅಗ್ನಿಶಾಮಕದವರನ್ನು ಕೇಳಿ. ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆ ಒಳಗೇ ಮಾಡಿ. "ಐದೇ ನಿಮಿಷ, ಪರವಾಗಿಲ್ಲ ಬಿಡಿ" ಅನ್ನುವ ಮಾತು ನಮ್ಮವರ ಬಾಯಲ್ಲಿ ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ಈ ಊರು ನಮ್ಮನ್ನು ಚೆನ್ನಾಗಿ ನೋಡಿಕೊಂಡಿದೆ.

ಮನೆ ಸುತ್ತ:
- ಗೋಡೆಯಿಂದ 1.5 ಮೀಟರ್‌ವರೆಗೆ ಒಣಗಿದ್ದು, ಉರಿಯುವಂಥದ್ದು ಏನೂ ಬೇಡ
- ಸೂರಿನ ಗಟರಿನಲ್ಲಿ ಬಿದ್ದ ಎಲೆ ತೆಗೆಯಿರಿ
- ಸೌದೆ ಮನೆಗೆ ಒರಗಿಸಿ ಇಡಬೇಡಿ

ಅಲರ್ಟ್ (ಮನೆ ಬಿಡಬೇಕಾಗಬಹುದು ಅನ್ನುವ ಮುನ್ನೆಚ್ಚರಿಕೆ) ಬಂದರೆ ಹೊರಡಲು ಸಿದ್ಧರಾಗಿರಿ. ಆರ್ಡರ್ (ಮನೆ ಬಿಡುವ ಆದೇಶ) ಬಂದರೆ ತಕ್ಷಣ ಹೊರಡಿ, ಒಲೆ ಮೇಲಿನ ಸಾರು ಇಳಿಸಿ ಗ್ಯಾಸ್ ಆರಿಸುವಷ್ಟೇ ಹೊತ್ತು. ಬೇಸಿಗೆಯಲ್ಲಿ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಮಾತ್ರೆ ಬಗ್ಗೆ ಎಚ್ಚರ. ನಾವು ಮನೆ ಬಿಟ್ಟ ರಾತ್ರಿ ಅಕ್ಕಿ, ಸಾರಿನ ಪುಡಿ ಎಲ್ಲ ಕಾರಿಗೆ ಬಂತು. ಅಮ್ಮನ ಬಿಪಿ ಮಾತ್ರೆ ಫ್ರಿಜ್ ಮೇಲಿನ ಸ್ಟೀಲ್ ಡಬ್ಬಿಯಲ್ಲೇ ಉಳಿಯಿತು. ವಾಪಸ್ ಬಿಡಲಿಲ್ಲ. ಮೈಸೂರಿನ ಡಾಕ್ಟರ ಚೀಟಿ ಇಲ್ಲಿನ ಔಷಧಿ ಅಂಗಡಿಯಲ್ಲಿ ನಡೆಯಲಿಲ್ಲ. ಇಲ್ಲಿನ ಡಾಕ್ಟರನ್ನು ಹುಡುಕಿ, ಕೈಯಿಂದ ಹಣ ಕೊಟ್ಟು, ಮಾತ್ರೆ ಸಿಗುವ ಹೊತ್ತಿಗೆ ಎರಡು ದಿನ. ಅಮ್ಮ ಏನೂ ಅನ್ನಲಿಲ್ಲ, ಸುಮ್ನೆ ತಲೆ ಹಿಡಿದು ಕೂತಿದ್ದರು. ಎರಡು ವಾರದ ಮಾತ್ರೆ, ಚೀಟಿಯ ಫೋಟೊ, ಪಾಸ್‌ಪೋರ್ಟ್, ವೀಸಾ ಕಾಗದ ಒಂದೇ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ನೇತು ಹಾಕಿ. ಇವತ್ತೇ.

ಬಾಡಿಗೆ ಮನೆಯವರೂ ವಿಮೆ ಮಾಡಿಸಿ. ಬೆಂಕಿ ಹತ್ತಿರ ಬಂದ ಮೇಲೆ ಕಂಪನಿಗಳು ಹೊಸ ವಿಮೆ ಕೊಡುವುದಿಲ್ಲ.

ಮನೆ ಬಿಟ್ಟವರಿಗೆ ಊಟ, ವಸತಿಗೆ ಸರ್ಕಾರದ ತುರ್ತು ನೆರವು ಇದೆ. ಹೆಸರು ನೋಂದಾಯಿಸಿ. ಕೈಚಾಚಿದ ಹಾಗೆ ಅಂತ ಸಂಕೋಚ ಬೇಡ. ಸಂಘದ ಮನೆಗಳ ಬಾಗಿಲೂ ತೆರೆದಿರುತ್ತದೆ, ಎಷ್ಟು ಜನ, ಮಕ್ಕಳೆಷ್ಟು ಅಂತ ಒಂದು ಮೆಸೇಜ್ ಹಾಕಿದರೆ ಸಾಕು.

ಹೊಗೆ ಜಾಸ್ತಿ ಇದ್ದರೆ: ಕಿಟಕಿ ಮುಚ್ಚಿ, ಎನ್95 ಮಾಸ್ಕ್, ಮಕ್ಕಳನ್ನು ಹೊರಗೆ ಆಡಲು ಬಿಡಬೇಡಿ.

ಕಾಡಲ್ಲಿ ಹೊಗೆ ಕಂಡರೆ ಮೊಬೈಲಿನಿಂದ *5555ಕ್ಕೆ ಕರೆ ಮಾಡಿ. ಮನೆಗೆ ಬೆಂಕಿ ಬಿದ್ದಿದ್ದರೆ 911. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಎಲ್ಲಿದ್ದೀರಿ ಅಂತ ಮೊದಲು ಹೇಳಿ.