ಹದಿಮೂರು ಗುಂಟೆ ಗದ್ದೆ, ಒಂಬತ್ತನೇ ಕ್ಲಾಸಿನ ಗಣಿತ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಹೋದ ವರ್ಷ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ನಿಂತರು. "ಮೇಷ್ಟ್ರೇ, ನಿಮ್ಮ ಎಕ್ಸು ವೈಯಿ ಎಲ್ಲಾ ಸರಿ. ನಮ್ಮುಡುಗನ್ಗೆ ಕಬ್ಬಿನ ಬಿಲ್ಲು ನೋಡಕ್ಕೇ ಬರಕಿಲ್ವಲ್ಲ. ಬದುಕಿಗೆ ಬೇಡದ್ದ ಯಾಕ್ ತುರುಕ್ತೀರಿ?" ಹಿಂದಿನಿಂದ ಇನ್ನೊಬ್ಬರು ಕೂಗಿದರು. "ಕಬ್ಬಿನ ಬಿಲ್ಲು ನಾವ್ ನೋಡ್ಕತೀವಿ. ನೀವು ಮಾರ್ಕ್ಸ್ ಬರೋ ಹಂಗ್ ಮಾಡಿ. ಕಬ್ಬು ಬೆಳೀಲಿ ಅಂತ ಯಾವನ್ ಸ್ಕೂಲಿಗ್ ಕಳಿಸ್ತಾನೆ?"

ಇಬ್ಬರೂ ಹೇಳಿದ್ದು ಸರಿ. ನನಗೆ ಬಾಯಿ ಕಟ್ಟಿಹೋಯ್ತು.

ಹಳೇ ಜಗಳವೇ ಇದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಪಾಠ ನಡೆಯಲಿ ಅಂದಿದ್ದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅಂದಿತು. 2020ರ ಶಿಕ್ಷಣ ನೀತಿಯಲ್ಲಿ ಬ್ಯಾಗಿಲ್ಲದ ಹತ್ತು ದಿನಗಳ ಮಾತಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಠ್ಯಪುಸ್ತಕದ ಗಲಾಟೆ ಎದ್ದಾಗ ಟಿವಿಯಲ್ಲಿ ಯಾರ ಪಾಠ ಇರಬೇಕು, ಯಾರದ್ದು ತೆಗೀಬೇಕು ಅಂತ ದಿನಗಟ್ಟಲೆ ಕೂಗಾಡಿದರು. ಗಣಿತದ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಅದೇ ವರ್ಷ ಎನ್‌ಸಿಇಆರ್‌ಟಿ, ಅಂದರೆ ಕೇಂದ್ರದ ಪಠ್ಯಪುಸ್ತಕ ಮಾಡುವ ಸಂಸ್ಥೆ, ಒಂಬತ್ತನೇ ಕ್ಲಾಸಿನ ಗಣಿತದಿಂದ ಒಂದು ಭಾಗ ಕೈಬಿಟ್ಟಿತು. ಮೂರು ಬದಿಯ ಉದ್ದ ಗೊತ್ತಿದ್ದರೆ ತ್ರಿಭುಜದ ವಿಸ್ತೀರ್ಣ ಕೊಡೋ ಹೆರಾನನ ಸೂತ್ರ ಹಾಕಿ ಚತುರ್ಭುಜದ ವಿಸ್ತೀರ್ಣ ಹಿಡಿಯುವ ಭಾಗ ಅದು. ಅಂದರೆ ಗದ್ದೆ ಅಳೆಯೋಕೆ ಬೇಕಾದ್ದೇ.

ಸಭೆಯ ಮಾರನೇ ವಾರ ಕ್ಲಾಸಲ್ಲಿ ಹೇಳಿದೆ. "ನಾಳೆ ಎಲ್ಲರೂ ಮನೆಯಿಂದ ಪಹಣಿ ತನ್ನಿ."

ತಂದರು. ಬೋರ್ಡಿನ ಮೇಲೆ ಎರಡು ಪಹಣಿಯ ವಿಸ್ತೀರ್ಣ ಬರೆದೆ. 1-20 ಮತ್ತು 0-30. ಕೂಡಿ ಅಂದೆ. ಅರ್ಧ ಕ್ಲಾಸು 1.50 ಅಂದಿತು. ಒಂದೂವರೆ ಎಕರೆ! ಮೊದಲನೇದರಲ್ಲೇ ಒಂದೂವರೆ ಎಕರೆ ಇದೆ ಕಣ್ರೋ ಅಂದರೆ ಮುಖ ಮುಖ ನೋಡಿಕೊಂಡರು. ಅಲ್ಲಿರೋದು ದಶಮಾಂಶದ ಚುಕ್ಕಿ ಅಲ್ಲ, ಎಕರೆ ಮತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಉತ್ತರ 2-10, ಎರಡು ಎಕರೆ ಹತ್ತು ಗುಂಟೆ. ಅಪ್ಪಂದಿರಿಗೆ ನಿದ್ದೆಗಣ್ಣಲ್ಲೂ ಗೊತ್ತಿರೋ ಲೆಕ್ಕ ಇದು. ಮಕ್ಕಳು ಅದನ್ನು ಸ್ಕೂಲಿನ ಗಣಿತದ ಹತ್ತಿರಕ್ಕೂ ತಂದಿರಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಆಗ ಮೂರನೇ ಬೆಂಚಿನ ಹುಡುಗಿ ಒಬ್ಬಳು ಬರಿಗೈಲಿ ಕೂತಿದ್ದು ಕಾಣಿಸಿತು. "ಯಾಕಮ್ಮ, ಮರೆತೆಯಾ?" ಅಂದೆ. "ನಮ್ಮನೇಲಿ ಪಹಣಿ ಇಲ್ಲ ಸಾರ್. ಜಮೀನೇ ಇಲ್ಲ."

ಎಣಿಸಿದೆ. ಮೂವತ್ತೆರಡು ಮಕ್ಕಳಲ್ಲಿ ಹನ್ನೊಂದು ಜನ ಬರಿಗೈಲಿದ್ದರು. ಬದುಕಿಗೆ ಹತ್ತಿರದ ಪಾಠ ಮಾಡ್ತೀನಿ ಅಂತ ಹೊರಟವನು ಜಮೀನಿರುವವರ ಬದುಕನ್ನಷ್ಟೇ ಹಿಡಿದುಕೊಂಡಿದ್ದೆ. ಆವತ್ತಿನಿಂದ ಮನೆಯಿಂದ ಏನನ್ನೂ ತನ್ನಿ ಅಂತ ಹೇಳಿಲ್ಲ. ಎಲ್ಲರೂ ಒಂದೇ ಗದ್ದೆ ಅಳೆಯೋದು ಅಂತ ತೀರ್ಮಾನ ಮಾಡಿದೆ.

ಸ್ಕೂಲಿನ ಹಿಂದೆ ಒಬ್ಬರ ಗದ್ದೆ ಇದೆ. ಭತ್ತ ಕೊಯ್ದು ಕೂಳೆ ಒಣಗಿತ್ತು. ಕಬ್ಬು ನಿಂತಿದ್ದರೆ ಮೂಲೆಯಿಂದ ಮೂಲೆಗೆ ಟೇಪು ಎಳೆಯೋಕೆ ಆಗಲ್ಲ, ಹಾಗಾಗಿ ಅದೇ ಸರಿಯಾದ ಕಾಲ. ಗಾರೆ ಮೇಸ್ತ್ರಿಯೊಬ್ಬರಿಂದ ನೂರಡಿ ಟೇಪು ಇಸಕೊಂಡು ಬಂದೆ. ದಾಖಲೆಗೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂತ ಬರೆದೆ. ಹಾಗೆ ಬರೆಯದೆ ಮಕ್ಕಳನ್ನು ಗೇಟು ದಾಟಿಸೋದು ಕಷ್ಟ, ಗೊತ್ತಲ್ವಾ.

ನಾಲ್ಕು ಬದು ಅಳೆದೆವು. ಸುತ್ತು ಬಂದ ಹಾಗೆ 128, 141, 118, 97 ಅಡಿ. ಗದ್ದೆಯ ಯಜಮಾನರು ಅಲ್ಲೇ ಬಾಯಲ್ಲೇ ಲೆಕ್ಕ ಹಾಕಿದರು. ಎದುರು ಬದುರಿನ ಬದು ಕೂಡಿ ಅರ್ಧ ಮಾಡೋದು. 123 ಮತ್ತು 119. ಗುಣಿಸಿದರೆ 14,637 ಚದರಡಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಭಾಗಿಸಿದರೆ ಹದಿಮೂರೂವರೆ ಗುಂಟೆ, ಚೂರು ಕಮ್ಮಿ. "ಇದಕ್ಕೆ ನಿಮ್ಮ ಸೂತ್ರ ಯಾಕೆ ಮೇಷ್ಟ್ರೇ?" ಅಂದರು.

ನಾನು ಪೊರಕೆ ಕಡ್ಡಿಯ ನಾಲ್ಕು ತುಂಡಿಗೆ ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸಿ ಒಂದು ಚೌಕ ಮಾಡಿಟ್ಟುಕೊಂಡಿದ್ದೆ. ಅದನ್ನು ಮಕ್ಕಳ ಮುಂದೆ ಹಿಡಿದು ಮೆಲ್ಲಗೆ ಒತ್ತಿದೆ. ಚೌಕ ಓರೆಯಾಯ್ತು, ಚಪ್ಪಟೆಯಾಯ್ತು, ಕೊನೆಗೆ ಕಡ್ಡಿಗಳು ಒಂದರ ಮೇಲೊಂದು ಮಲಗಿದವು. "ಬದು ಏನಾದ್ರೂ ಚಿಕ್ಕದಾಯ್ತಾ?" "ಇಲ್ಲ ಸಾರ್." "ಗದ್ದೆ?" ಯಾರೂ ಮಾತಾಡಲಿಲ್ಲ. ಆಮೇಲೆ ಆ ಮೂರನೇ ಬೆಂಚಿನ ಹುಡುಗಿಯೇ ಹೇಳಿದಳು. "ಗದ್ದೇನೇ ಇಲ್ಲ ಸಾರ್. ಆದ್ರೆ ಅವರ ಲೆಕ್ಕದಲ್ಲಿ ಇನ್ನೂ ಅಷ್ಟೇ ಇದೆ."

ಈ ಕೆಲಸಕ್ಕೆ ಸೇರಿ ಇಷ್ಟು ವರ್ಷದಲ್ಲಿ ಇಂಥ ಮಾತು ಕೇಳಿದ್ದು ಕಮ್ಮಿ.

ಹಾಗಾಗಿ ಮೂಲೆಯಿಂದ ಮೂಲೆಗೂ ಅಳೀಬೇಕು. ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಮತ್ತೆ ತ್ರಿಭುಜ ಒತ್ತಿದರೂ ಅಲುಗಲ್ಲ. ಟೇಪು ಸಾಲದೆ ನಡುವೆ ಗೂಟ ನೆಟ್ಟು ಎರಡು ಸಲ ಎಳೆದೆವು. ಮೊದಲು 154 ಬಂತು. "ಟೇಪು ಜೋತುಬಿದ್ದಿದೆ ಸಾರ್, ಜಾಸ್ತಿ ತೋರಿಸ್ತಿದೆ" ಅಂದಳು ಅವಳು. ಬಿಗಿಯಾಗಿ ಎಳೆದಾಗ 152. ಹೆರಾನನ ಸೂತ್ರ ಹಾಕಿದರೆ ಒಂದು ತ್ರಿಭುಜ ಸುಮಾರು 8,403, ಇನ್ನೊಂದು 5,723. ಒಟ್ಟು 14,126 ಚದರಡಿ. ಹದಿಮೂರು ಗುಂಟೆಗೆ ಕೂದಲೆಳೆಯಷ್ಟು ಕಮ್ಮಿ. ಪಹಣಿಯಲ್ಲಿ 0-14 ಇತ್ತು, ಅದರಲ್ಲಿ ಕಾಲುವೆಗೆ ಹೋದ ಖರಾಬು, ಅಂದರೆ ಸಾಗುವಳಿಗೆ ಸಿಗದ ನೆಲ, 0-01. ಉಳಿದದ್ದು 0-13. ಯಜಮಾನರು ತಲೆ ಕೆರೆದುಕೊಂಡು ಮತ್ತೊಂದು ಸಲ ಬದು ನೋಡಿದರು.

ಅವರ ಲೆಕ್ಕವನ್ನು ದಡ್ಡತನ ಅನ್ನೋಕೆ ನಾನು ಬಿಡಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಇದೇ ಎದುರು ಬದುರಿನ ಲೆಕ್ಕ ಇದೆ. ಅದಕ್ಕೆ ಅವನು ವ್ಯಾವಹಾರಿಕ, ಅಂದರೆ ದಿನಬಳಕೆಯ ಅಂದಾಜು, ಅಂತಾನೆ. ಪಕ್ಕದಲ್ಲೇ ಸೂಕ್ಷ್ಮ, ಅಂದರೆ ಕರಾರುವಾಕ್ಕಾದ್ದು, ಅಂತ ಇನ್ನೊಂದು ಲೆಕ್ಕ ಕೊಡ್ತಾನೆ. ಎರಡನ್ನೂ ಕಲಿಸಿದ್ದಾನೆ, ನೋಡಿ. ಸಭೆಯಲ್ಲಿ ಎದ್ದು ನಿಂತವರು ಬೇಡ ಅಂದಿದ್ದು ಎರಡನೇದನ್ನ, ನಮ್ಮ ಪುಸ್ತಕ ಮರೆತಿದ್ದು ಮೊದಲನೇದನ್ನ. ಎದುರು ಬದುರಿನ ಲೆಕ್ಕ ನಿಜವಾದ ವಿಸ್ತೀರ್ಣಕ್ಕಿಂತ ಯಾವತ್ತೂ ಕಮ್ಮಿ ಬರಲ್ಲ. ಗದ್ದೆ ಪೂರಾ ಆಯತವಾಗಿದ್ದರೆ ಸರಿಸಮ, ಇಲ್ಲಾಂದ್ರೆ ಜಾಸ್ತಿನೇ. ಇದು ಗೊತ್ತಾಗಬೇಕಾದರೆ ಎಕ್ಸು ವೈಯಿ ಬೇಕೇ ಬೇಕು.

ಮಾರ್ಕ್ಸಿನ ಮಾತೂ ಹೇಳಿಬಿಡ್ತೀನಿ. ಇದಾದ ಮೇಲಿನ ಟೆಸ್ಟಿನಲ್ಲಿ ಕ್ಲಾಸಿಗೆ ಕ್ಲಾಸೇ ಮೇಲೆದ್ದು ಬಿಡಲಿಲ್ಲ. ವರ್ಗಮೂಲದಲ್ಲಿ ಎಡವುವವರು ಈಗಲೂ ಎಡವುತ್ತಾರೆ. ಎರಡು ಪಿರಿಯಡ್ ಜಾಸ್ತಿ ಹಿಡೀತು, ಅದನ್ನು ಶನಿವಾರ ತುಂಬಿಕೊಟ್ಟೆ.

ಆ ಹುಡುಗಿಯ ಅಮ್ಮ ನಾಟಿ ಗುಂಪಿನಲ್ಲಿ ಕೆಲಸ ಮಾಡ್ತಾರೆ. ಗುಂಪಿನವರು ಗುತ್ತಿಗೆ ಮಾತಾಡುವಾಗ ಗದ್ದೆಯನ್ನು ಹೆಜ್ಜೆಯಲ್ಲಿ ಅಳೆದು, ಅದೇ ಎದುರು ಬದುರಿನ ಲೆಕ್ಕ ಹಾಕಿ ದುಡ್ಡು ಕೇಳ್ತಾರಂತೆ. ಮಗಳು ಮನೆಗೆ ಹೋಗಿ ಕಡ್ಡಿ ಚೌಕ ಮಾಡಿ ತೋರಿಸಿದ್ದಾಳೆ. ನಿಮ್ಮ ಲೆಕ್ಕದಲ್ಲಿ ಜಾಸ್ತಿ ಬರುತ್ತೆ ಅಂತ ವಿವರಿಸಿದ್ದಾಳೆ. ಮಾರನೇ ದಿನ ಬಂದು ನಗ್ತಾ ಹೇಳಿದಳು.

"ನಮ್ಮಮ್ಮ ಏನಂದ್ರು ಗೊತ್ತಾ ಸಾರ್? ಆ ಲೆಕ್ಕ ನೀನು ಪರೀಕ್ಷೇಲಿ ಬರಿ, ಗದ್ದೆ ತಾವ ಬಾಯ್ ಬುಡಬ್ಯಾಡ ಅಂದ್ರು."